ಗೋಡೆಯ ತೇವ, ಗೆದ್ದಲ ದಾರಿ

ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ಗೆದ್ದಲು ಕಾಣಿಸಿಕೊಂಡರೆ ಮುಂದಿನದು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ವಾರ್ಡ್‌ರೋಬಿನ ಹಿಂದೆಯೋ ಬಚ್ಚಲುಮನೆಯ ಬಾಗಿಲವಾಡದ ಬುಡದಲ್ಲೋ ಮಣ್ಣಿನ ಗೆರೆಯೊಂದು ಏಳುತ್ತದೆ. ಮನೆಯವರು ಅದನ್ನು ಕೆರೆದುಹಾಕಿ, ಜಿರಲೆಗೆ ಹೊಡೆಯುವ ಸ್ಪ್ರೇಯನ್ನೇ ಅಲ್ಲಿಗೂ ಹೊಡೆಯುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಗೆರೆ ಒಂದಡಿ ಆಚೆ ಮತ್ತೆ ಏಳುತ್ತದೆ. ಆಮೇಲೆ ಪೆಸ್ಟ್ ಕಂಟ್ರೋಲಿನವರು ಬಂದು ನೆಲಕ್ಕೆ ತೂತು ಕೊರೆದು ಔಷಧಿ ಬಿಟ್ಟು ವಾರಂಟಿ ಚೀಟಿ ಕೊಟ್ಟು ಹೋಗುತ್ತಾರೆ. ಬಡಗಿ ಬಂದು ತಿಂದುಹೋದ ಹಲಗೆ ಬದಲಿಸುತ್ತಾನೆ. ಎಲ್ಲ ಮುಗಿದರೂ ಗೆದ್ದಲು ಮನೆಯ ಅಷ್ಟು ಮೂಲೆಗಳನ್ನು ಬಿಟ್ಟು ಅದೊಂದೇ ಮೂಲೆಗೆ ಏಕೆ ಬಂತು ಎಂದು ಯಾರೂ ಕೇಳಿರುವುದಿಲ್ಲ. ಈ ಲೇಖನ ಆ ಪ್ರಶ್ನೆಯ ಸುತ್ತಲೇ ಇದೆ. ಮಣ್ಣು, ತೇವ, ಮರ ಈ ಮೂರೂ ಒಂದು ಕಡೆ ಸೇರಿದ ಜಾಗಕ್ಕೇ ಗೆದ್ದಲು ಬರುತ್ತದೆ. ಔಷಧಿ ಬೇಕೇ ಬೇಕು. ಆದರೆ ಅದರಿಂದ ಸಿಗುವುದು ಕೆಲವು ವರ್ಷಗಳ ಬಿಡುವು. ಆ ಬಿಡುವಿನಲ್ಲಿ ಮಣ್ಣಿನ, ನೀರಿನ ದಾರಿ ಸರಿಪಡಿಸದಿದ್ದರೆ ಕೊಟ್ಟ ಹಣವನ್ನು ಮತ್ತೆ ಕೊಡಬೇಕಾಗುತ್ತದೆ ಎಂಬುದು ನನ್ನ ವಾದ.

ಗೆದ್ದಲಿನ ದೇಹವನ್ನು ನೋಡಿದರೇ ಈ ವಾದಕ್ಕೆ ಅರ್ಧ ಆಧಾರ ಸಿಗುತ್ತದೆ. ಜಗತ್ತಿನಲ್ಲಿ ಸುಮಾರು 3000 ಬಗೆಯ ಗೆದ್ದಲುಗಳಿವೆ, ಭಾರತದಲ್ಲಿ ಸುಮಾರು 300. ಮನೆಗೆ ನುಗ್ಗುವವು ಇವುಗಳಲ್ಲಿ ಬೆರಳೆಣಿಕೆಯವು. ನೋಡಲು ಇರುವೆಯಂತಿದ್ದರೂ ಗೆದ್ದಲು ಇರುವೆಯ ನೆಂಟನಲ್ಲ. ಅದು ಜಿರಲೆಯ ವಂಶದ್ದು ಎಂಬುದು 2007ರ ಹೊತ್ತಿಗೆ ಜೀನುಗಳ ಅಧ್ಯಯನದಿಂದ ಖಚಿತವಾಗಿ, ಈಗ ಜಿರಲೆಗಳ ಗಣದಲ್ಲೇ ಅದನ್ನು ಸೇರಿಸಿದ್ದಾರೆ. ಕೆಲಸಗಾರ ಗೆದ್ದಲಿನ ಮೈ ಮೆತ್ತಗೆ, ಬಿಳಿಚಿಕೊಂಡಿರುತ್ತದೆ. ಒಣ ಗಾಳಿಗೆ ಸಿಕ್ಕರೆ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ. ಗೋಡೆಯ ಮೇಲಿನ ಮಣ್ಣಿನ ಕೊಳವೆ ಆ ದುರ್ಬಲ ಮೈಗೆ ಕಟ್ಟಿಕೊಂಡ ತೇವದ ಸುರಂಗ. ನಮ್ಮ ಬಯಲುಸೀಮೆಯಲ್ಲಿ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಕುಲದ ಗೆದ್ದಲಿಗಂತೂ ತೇವ ಇನ್ನೂ ಅಗತ್ಯ, ಏಕೆಂದರೆ ಅದು ತಂದ ಮರವನ್ನು ನೆಲದೊಳಗಿನ ಗೂಡಿನಲ್ಲಿ ಶಿಲೀಂಧ್ರಕ್ಕೆ ಉಣಿಸಿ, ಆ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಈ ತೋಟದ್ದೇ. ಈ ಗೆದ್ದಲು ಮಣ್ಣನ್ನು ತನ್ನ ದ್ರವದಲ್ಲಿ ಕಲಸಿ ಉಂಡೆ ಮಾಡಿ ಕಟ್ಟಿದಾಗ, ಅದೇ ಜಾಗದ ಸಾಮಾನ್ಯ ಮಣ್ಣಿಗಿಂತ ಹಲವು ಪಟ್ಟು ಗಟ್ಟಿಯಾಗುತ್ತದೆಂದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ರೆನೀ ಬೋರ್ಜೆಸ್ ಮತ್ತು ಸಿವಿಲ್ ಎಂಜಿನಿಯರಿಂಗ್ ವಿಭಾಗದ ತೇಜಸ್ ಮೂರ್ತಿ ಅವರ ತಂಡ ತೋರಿಸಿದೆ. ಇಂಥ ಕಟ್ಟಡ ಕೆಲಸಗಾರನನ್ನು ಪೊರಕೆಯಿಂದ ಓಡಿಸುತ್ತೇವೆಂದು ಹೊರಡುವುದು ಸ್ವಲ್ಪ ತಮಾಷೆಯೇ.

ಹಣ ಖರ್ಚು ಮಾಡುವ ಮೊದಲು ಬಂದಿರುವುದು ಗೆದ್ದಲೇ ಎಂದು ಖಚಿತಪಡಿಸಿಕೊಳ್ಳಬೇಕು. ಇದು ಸಣ್ಣ ಮಾತಲ್ಲ. ಸೋಫಾದ ಕಾಲಿನ ಕೆಳಗೆ, ಅಡುಗೆಮನೆಯ ಕಪಾಟಿನ ಅಡಿಯಲ್ಲಿ ಪೌಡರಿನಷ್ಟು ನುಣ್ಣನೆಯ ಹಿಟ್ಟು ಉದುರುತ್ತಿದ್ದು ಮರದಲ್ಲಿ ಗುಂಡುಸೂಜಿಯ ತಲೆಯಷ್ಟು ಗುಂಡನೆಯ ರಂಧ್ರಗಳಿದ್ದರೆ ಅದು ಮರ ಕೊರೆಯುವ ಕುಟ್ಟೆಹುಳು, ದುಂಬಿಯ ಜಾತಿ. ಅದು ಮರದ ಜೊತೆಗೇ ಅಂಗಡಿಯಿಂದ ಬಂದಿರುತ್ತದೆ. ನೆಲಕ್ಕೂ ಅದಕ್ಕೂ ಸಂಬಂಧವಿಲ್ಲ. ಅದಕ್ಕಾಗಿ ಮನೆಯ ನೆಲವನ್ನೆಲ್ಲ ಕೊರೆಸಿಕೊಂಡವರ ದುಡ್ಡು ನಿಜಕ್ಕೂ ಮಣ್ಣುಪಾಲು. ಗಸಗಸೆಯಂಥ ಗಟ್ಟಿ ಕಾಳುಗಳು ಉದುರಿದರೆ ಒಣಮರದ ಗೆದ್ದಲು. ಅದಕ್ಕೂ ನೆಲದ ಸಂಪರ್ಕ ಬೇಕಿಲ್ಲ, ಆದರೆ ಇದು ಕರಾವಳಿಯಲ್ಲಿ ಹೆಚ್ಚು, ಬೆಂಗಳೂರಿನಲ್ಲಿ ಕಡಿಮೆ. ಮಣ್ಣಿನ ಕೊಳವೆ ಇದ್ದು, ಮರದ ಒಳಗೂ ಮಣ್ಣು ಮೆತ್ತಿದ್ದರೆ ಮಾತ್ರ ನೆಲದ ಗೆದ್ದಲು. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಈಸಲು ಹುಳುಗಳನ್ನು ನೋಡಿ ಗಾಬರಿಯಾಗಬೇಕಿಲ್ಲ. ಅವು ಬೀದಿಯಾಚೆಯ ಗೂಡಿನಿಂದಲೂ ಹಾರಿ ಬಂದಿರಬಹುದು. ಆದರೆ ಅವು ಮನೆಯೊಳಗಿನ ಗೋಡೆಯ ಬಿರುಕಿನಿಂದಲೇ ಹೊರಬಂದರೆ, ಆ ಗೋಡೆಯ ಕೆಳಗೆ ಹಲವು ವರ್ಷ ವಯಸ್ಸಾದ, ಬಲಿತ ಗೂಡಿದೆ ಎಂದೇ ಅರ್ಥ.

ದಕ್ಷಿಣ ಬೆಂಗಳೂರಿನಲ್ಲಿ ಈ ತೊಂದರೆಗೆ ನೆಲ, ಮಳೆ, ಇತಿಹಾಸ ಮೂರೂ ಒದಗಿಬಂದಿವೆ. ಕೆಂಪು ಜೇಡಿ ಬೆರೆತ ಮಣ್ಣು ಕೊಳವೆ ಕಟ್ಟಲು ಹೇಳಿ ಮಾಡಿಸಿದಂಥದು. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ ಏರುವ ಮಳೆ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ನೆಲವನ್ನು ಪೂರ್ತಿ ಒಣಗಲು ಬಿಡುವುದಿಲ್ಲ. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿದ್ದಾಗ ಇದು ಊರಾಚೆಯ ಹೊಲ, ತೋಪು, ಕೆರೆಯಂಗಳ. ಜೆ.ಪಿ. ನಗರ, ಬನಶಂಕರಿಯ ಹಂತಗಳು, ಭೈರಸಂದ್ರ-ತಾವರೆಕೆರೆ-ಮಡಿವಾಳಗಳನ್ನು ಸೇರಿಸಿ ಮಾಡಿದ ಬಿ.ಟಿ.ಎಂ. ಲೇಔಟ್, ಎಲ್ಲವೂ ಹಳ್ಳಿಗಳ ಜಮೀನಿನ ಮೇಲೆ ಎದ್ದವು. ಹುತ್ತಗಳಿದ್ದ ನೆಲದ ಮೇಲೆ ಸೈಟು ಬಂತು. ಅಶ್ವತ್ಥಕಟ್ಟೆಯ ಪಕ್ಕದ ಒಂದೆರಡು ಹುತ್ತಗಳನ್ನು ಅರಿಶಿನ-ಕುಂಕುಮ ಹಚ್ಚಿ ಉಳಿಸಿಕೊಂಡೆವು, ಉಳಿದವುಗಳ ಮೇಲ್ಭಾಗವನ್ನು ಮಾತ್ರ ಸಮ ಮಾಡಿದೆವು. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳ ಕೆರೆಗಳ ಸುತ್ತಿನ ತಗ್ಗು ಬಡಾವಣೆಗಳಲ್ಲಿ ನೆಲದ ತೇವ ಇನ್ನೂ ಹೆಚ್ಚು. ಇವೆಲ್ಲ ನಾವು ಬದಲಿಸಲಾಗದ ಸಂಗತಿಗಳು. ನೆಲದಲ್ಲಿ ಗೆದ್ದಲಿರುವುದು ಸಹಜ. ಅಲ್ಲಿಂದ ಮನೆಯೊಳಗಿನ ಮರಕ್ಕೆ ದಾರಿ ಆಗುವುದು ಮಾತ್ರ ನಮ್ಮ ಕಟ್ಟಡದ ದೋಷ.

ಆ ದಾರಿ ಹೇಗಾಗುತ್ತದೆ ಎಂಬಲ್ಲಿ ಈ ಭಾಗದ ಎರಡು ತಲೆಮಾರಿನ ಮನೆಗಳು ಎರಡು ಪಾಠ ಹೇಳುತ್ತವೆ. ಐವತ್ತು-ಅರವತ್ತರ ದಶಕದ ಜಯನಗರದ ಮನೆಗಳಿಗೆ ಸೈಜುಗಲ್ಲಿನ ಪಾಯ, ಎಷ್ಟೋ ಕಡೆ ಮಣ್ಣಿನ ಅಥವಾ ಸುಣ್ಣದ ಗಾರೆ. ಕಲ್ಲಿನ ಸಂದುಗಳಲ್ಲಿ ಗೆದ್ದಲು ಓಡಾಡಲು ಅಡ್ಡಿಯಿಲ್ಲ. ಆದರೂ ಅವು ಬಹುಕಾಲ ತಡೆದುಕೊಂಡವು: ಬಾಗಿಲು, ಕಿಟಕಿಗಳು ಚೇಗಿನ ತೇಗ, ಮತ್ತಿ, ಹೊನ್ನೆ, ಗೋಡೆಗಳು ಬರಿಮೈ, ನೆಲಗಟ್ಟು ಬೀದಿಗಿಂತ ಎರಡಡಿ ಎತ್ತರ. ಇಂದು ಅದೇ ಮನೆಗಳ ಸ್ಥಿತಿ ಬೇರೆ. ಹಳೆಯ ಡಾಂಬರನ್ನು ಕೀಳದೆ ಅದರ ಮೇಲೆಯೇ ಹೊಸ ಡಾಂಬರು ಹಾಕುತ್ತ ಬಂದ ರಸ್ತೆಗಳು ಏರಿವೆ. ಮಳೆನೀರು ಒಳಬರದಿರಲೆಂದು ಮನೆಯವರು ಕಾಂಪೌಂಡಿನ ಒಳಗೂ ಮಣ್ಣು ತುಂಬಿಸಿ ಎತ್ತರಿಸಿದ್ದಾರೆ. ಪರಿಣಾಮವಾಗಿ ಪಾಯದ ಮೇಲೆ ತೇವ ಏರದಂತೆ ಹಾಕಿದ್ದ ಕಾಂಕ್ರೀಟ್ ಪಟ್ಟಿ ಮಣ್ಣಿನಲ್ಲಿ ಹೂತುಹೋಗಿದೆ. ಅದರ ಮೇಲಿನ ಗೋಡೆಗೆ ಹೂವಿನ ಪಾತಿಯ ಮಣ್ಣು ನೇರವಾಗಿ ತಾಗಿಕೊಂಡಿದೆ. ಎತ್ತರದಲ್ಲಿದ್ದ ಹೊಸಿಲು ನೆಲಕ್ಕೆ ಬಂದಿದೆ. ಇಂಥ ಮನೆಗೆ ಎಷ್ಟು ಸಲ ಔಷಧಿ ಬಿಟ್ಟರೂ, ಆ ಪಾತಿ ಅಲ್ಲಿರುವವರೆಗೆ ಅದು ಗೆದ್ದಲಿಗೆ ತೆರೆದ ಬಾಗಿಲೇ.

ಹೊಸ ಮನೆಗಳ ಕಥೆ ಇದಕ್ಕಿಂತ ಚೆನ್ನಾಗಿಲ್ಲ. ಮೂವತ್ತು-ನಲವತ್ತರ ಸೈಟಿನಲ್ಲಿ ಅಂಚಿನಿಂದ ಅಂಚಿಗೆ ಕಟ್ಟಿದ ಮನೆಗೆ ಸುತ್ತ ಎರಡಡಿ ಸಂದಿ, ಅದಕ್ಕೂ ಟೈಲ್ಸು. ಪಾಯ ತುಂಬಿಸುವಾಗ ಸೆಂಟ್ರಿಂಗ್ ಹಲಗೆಯ ಚೂರು, ಸಿಮೆಂಟಿನ ಕಾಗದದ ಚೀಲ, ಗೂಟ ಎಲ್ಲವೂ ಮಣ್ಣಿನ ಜೊತೆಗೆ ಒಳಗೆ ಹೋಗಿರುತ್ತವೆ. ಗೆದ್ದಲಿಗೆ ಇದು ಮನೆಯ ಅಡಿಯಲ್ಲೇ ಇಟ್ಟುಕೊಟ್ಟ ಊಟ. ಪೋರ್ಟಿಕೋದ ಕೆಳಗೆ ಸಂಪು, ಅದರ ಗೋಡೆಯಲ್ಲೊಂದು ಸೀಳು. ಬಚ್ಚಲಿನ ನೆಲದೊಳಗೆ ಹುದುಗಿಸಿದ ಕೊಳಾಯಿ, ಅದರಲ್ಲೊಂದು ಜಿನುಗು. ಇದರ ಮೇಲೆ ಒಳಾಂಗಣ ಅಲಂಕಾರ: ಗೋಡೆಯನ್ನು ಮುಚ್ಚಿದ ಟಿ.ವಿ. ಯೂನಿಟ್ಟು, ನೆಲದಿಂದ ಸೂರಿಗೆ ತಾಗಿದ ವಾರ್ಡ್‌ರೋಬು, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆ. ಬರಿಗೋಡೆಯ ಮೇಲೆ ವಾರದೊಳಗೆ ಕಾಣುತ್ತಿದ್ದ ಮಣ್ಣಿನ ಗೆರೆ ಇಲ್ಲಿ ಹಲಗೆಯ ಹಿಂದೆ ಎರಡು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ಲೈವುಡ್ಡಿನ ಬಗ್ಗೆ ಒಂದು ಮಾತು. ಅಂಗಡಿಯವರು ಐ.ಎಸ್. 710 ಮುದ್ರೆಯ ಮರೈನ್ ಪ್ಲೈ ತೋರಿಸಿ ಗೆದ್ದಲಿಗೂ ಭಯವಿಲ್ಲ ಎನ್ನುತ್ತಾರೆ. ಆ ಮಾನಕದಲ್ಲಿ ಕುದಿಯುವ ನೀರಿಗೂ ಬಿಡದ ಅಂಟು ಮತ್ತು ಸಂರಕ್ಷಕ ರಾಸಾಯನಿಕ ಎರಡನ್ನೂ ಬೇಡುತ್ತಾರೆ ನಿಜ. ಆದರೆ ಬಡಗಿ ಹಲಗೆಯನ್ನು ಕೊಯ್ದ ಅಂಚಿನಲ್ಲಿ ರಾಸಾಯನಿಕ ಇಳಿಯದ ಪದರ ಹೊರಬಿದ್ದರೆ ಗೆದ್ದಲಿಗೆ ಅಷ್ಟು ಸಾಕು. ಹಳೆಯ ಐ.ಎಸ್. 303ರ ಸಾಧಾರಣ ಪ್ಲೈವುಡ್ಡನ್ನು ಬಚ್ಚಲ ಗೋಡೆಗೆ ತಾಗಿಸಿ ನಿಲ್ಲಿಸುವುದಂತೂ ಕರೆದು ಕೂರಿಸಿದಂತೆ.

ಔಷಧಿಯ ವಿಷಯಕ್ಕೆ ಬರೋಣ. ಹಿಂದಿನ ಕಾಲದಲ್ಲಿ ಪಾಯಕ್ಕೆ ಹಾಕಿದ ಔಷಧಿ ಮೂವತ್ತು ವರ್ಷ ಕೆಲಸ ಮಾಡುತ್ತಿತ್ತು, ಈಗಿನದು ಕಲಬೆರಕೆ ಎಂದು ಹಿರಿಯ ಮೇಸ್ತ್ರಿಗಳು ಹೇಳುವುದುಂಟು. ಮಾತಿನ ಮೊದಲರ್ಧ ನಿಜ. ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಮಣ್ಣಿನಲ್ಲಿ ದಶಕಗಟ್ಟಲೆ ಕರಗದೆ ಉಳಿಯುತ್ತಿದ್ದವು. ಅದೇ ಗುಣದಿಂದ ಅವು ನೀರಿಗೆ, ಮೀನಿಗೆ, ಹಾಲಿಗೆ, ಮನುಷ್ಯರ ಕೊಬ್ಬಿಗೆ ಸೇರುತ್ತಿದ್ದವು. ಅದಕ್ಕಾಗಿಯೇ ಭಾರತ 1996ರಲ್ಲಿ ಅವುಗಳನ್ನು ನಿಷೇಧಿಸಿತು. ಲಿಂಡೇನ್ ಬಳಕೆ 2013ರಲ್ಲಿ ನಿಂತಿತು. ಇವುಗಳ ಜಾಗಕ್ಕೆ ಎಲ್ಲೆಡೆ ಕ್ಲೋರ್‌ಪೈರಿಫಾಸ್ ಬಂತು. ಮಕ್ಕಳ ನರಮಂಡಲಕ್ಕೆ ಅಪಾಯವೆಂದು ಅಮೆರಿಕ 2000ದಲ್ಲೇ ಅದನ್ನು ಮನೆಬಳಕೆಯಿಂದ ಹಿಂತೆಗೆಯಲು ಆರಂಭಿಸಿತು, ಯುರೋಪ್ 2020ರಲ್ಲಿ ಪೂರ್ತಿ ನಿಲ್ಲಿಸಿತು, 2025ರಲ್ಲಿ ಜಿನೀವಾದಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ರಾಸಾಯನಿಕಗಳ ಕುರಿತ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೂ ಕೆಲವು ವಿನಾಯಿತಿಗಳೊಡನೆ ಸೇರಿತು. ಮನೆಯೊಳಗೆ ಮಕ್ಕಳು ನೆಲದ ಮೇಲೆ ಆಡುತ್ತಿರುವಾಗ ಕಡುವಾಸನೆಯ ಈ ಔಷಧಿಯನ್ನು ಅಗ್ಗವೆಂದು ಆರಿಸುವುದಕ್ಕೆ ಈಗ ಸಮರ್ಥನೆ ಉಳಿದಿಲ್ಲ ಎಂಬುದು ನನ್ನ ತೀರ್ಮಾನ. ವಾಸನೆ ಜೋರಾಗಿದ್ದರೆ ಔಷಧಿಯೂ ಜೋರು ಎಂದು ನಂಬುವವರು ಇನ್ನೂ ಇದ್ದಾರೆ. ಇಂದು ಬಳಕೆಯಲ್ಲಿರುವ ಇಮಿಡಾಕ್ಲೋಪ್ರಿಡ್‌ಗೆ ವಾಸನೆಯೇ ಇಲ್ಲವೆನ್ನಬಹುದು. ಗೆದ್ದಲಿಗೂ ಅದು ಇರುವುದು ತಿಳಿಯುವುದಿಲ್ಲ, ದಾಟಿ ಹೋಗಿ ಒಂದರಿಂದ ಒಂದಕ್ಕೆ ಅಂಟಿಸುತ್ತದೆ. ಬೈಫೆಂಥ್ರಿನ್ ಹಾಗಲ್ಲ. ಅದು ಗೆದ್ದಲನ್ನು ದೂರ ತಳ್ಳುವಂಥದು. ಆದ್ದರಿಂದ ಅದರ ಪಟ್ಟಿ ಎಲ್ಲೂ ಕಡಿಯಬಾರದು. ಹರಿದ ಸೊಳ್ಳೆಪರದೆಯಂತೆ, ಒಂದು ಕಡೆ ಸಂದು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಯಾವ ಔಷಧಿ ಎಂಬುದಕ್ಕಿಂತ ಎಷ್ಟು, ಎಲ್ಲಿ ಎಂಬುದು ಹೆಚ್ಚು ಮುಖ್ಯ; ಮೋಸ ನಡೆಯುವುದೂ ಇಲ್ಲಿಯೇ. ಭಾರತೀಯ ಮಾನಕ ಐ.ಎಸ್. 6313 ಇದಕ್ಕೆಂದೇ ಇದೆ. ಅದರ ಮೊದಲ ಭಾಗ ಕಟ್ಟುವಾಗ ಮಾಡುವ ಏರ್ಪಾಡುಗಳಿಗೆ, ಎರಡನೆಯದು ಕಟ್ಟುವ ಮುನ್ನ ಹಾಕುವ ಔಷಧಿಗೆ, ಮೂರನೆಯದು ಈಗಾಗಲೇ ಇರುವ ಕಟ್ಟಡಗಳಿಗೆ. ಮೂರನೆಯ ಭಾಗದ ಪ್ರಕಾರ ನೆಲ ಮತ್ತು ಗೋಡೆ ಸೇರುವ ಮೂಲೆಯುದ್ದಕ್ಕೂ 30 ಸೆಂ.ಮೀ.ಗೆ ಒಂದರಂತೆ 12 ಮಿ.ಮೀ. ಅಗಲದ ತೂತು ಕೊರೆದು, ಕೆಳಗಿನ ಮಣ್ಣು ಹೀರುವಷ್ಟು, ತೂತೊಂದಕ್ಕೆ ಹೆಚ್ಚೆಂದರೆ ಒಂದು ಲೀಟರ್ ದ್ರಾವಣ ಬಿಟ್ಟು ಮುಚ್ಚಬೇಕು. ಈಗ ಒಂದು ಲೆಕ್ಕ ಹಾಕಿ. ಹತ್ತು-ಹನ್ನೆರಡಡಿಯ ಕೋಣೆಯ ಸುತ್ತಳತೆ 44 ಅಡಿ, ಅಂದರೆ ಹದಿಮೂರು ಮೀಟರಿಗಿಂತ ತುಸು ಹೆಚ್ಚು. ಸುಮಾರು 45 ತೂತು, 45 ಲೀಟರಿನವರೆಗೆ ದ್ರಾವಣ. ಅಂಥ ಐದಾರು ಕೋಣೆಗಳ ನೆಲಮಹಡಿಗೆ ಇನ್ನೂರು ಲೀಟರ್ ದಾಟುವುದು ಸಹಜ. ಬೆನ್ನಿಗೆ ಹತ್ತು ಲೀಟರಿನ ಪಂಪು ಕಟ್ಟಿಕೊಂಡು ಬಂದು ಒಂದು ತಾಸಿನಲ್ಲಿ ಇಡೀ ಮನೆ ಮುಗಿಸಿದರೆ ಅಲ್ಲಿ ನಡೆದದ್ದು ಚಿಕಿತ್ಸೆಯಲ್ಲ, ಅದರ ಅಭಿನಯ. ಬೆರೆಸುವ ಪ್ರಮಾಣವನ್ನೂ ಮನೆಯವರು ಕಣ್ಣಾರೆ ನೋಡಬಹುದು: 30.5 ಪ್ರತಿಶತದ ಇಮಿಡಾಕ್ಲೋಪ್ರಿಡ್ ಆದರೆ ಲೀಟರ್ ನೀರಿಗೆ 2.1 ಮಿ.ಲೀ. ಡಬ್ಬಿ ಕಂಪನಿಯ ಮೊಹರಿನೊಂದಿಗೆ ಮನೆಯಲ್ಲೇ ಒಡೆಯಬೇಕು ಎಂದು ಪಟ್ಟು ಹಿಡಿಯುವುದು ಅಪನಂಬಿಕೆಯ ಮಾತಲ್ಲ, ಬೇರೆ ಬಾಟಲಿಯಲ್ಲಿ ಬೆರೆಸಿ ತಂದದ್ದರಲ್ಲಿ ಏನಿದೆ ಎಂದು ತಿಳಿಯುವ ದಾರಿ ಬೇರೆ ಇಲ್ಲ.

ಇಲ್ಲಿ ಬೆಂಗಳೂರಿನ ಮನೆಗಳಿಗೆ ಒಂದು ಇಕ್ಕಟ್ಟಿದೆ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ಆದ ತಿದ್ದುಪಡಿಯಂತೆ 60-40ರ ಹಳೆಯ ಮನೆಗಳಿಗೂ 30-40ರ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಅದನ್ನು ಜನರಿಗೆ ಕಲಿಸಲೆಂದೇ ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನವಿದೆ. ಕಾಯ್ದೆ ಒಳ್ಳೆಯದು. ಆದರೆ ಜಾಗದ ಕೊರತೆಯಿಂದ ಎಷ್ಟೋ ಮನೆಗಳ ಇಂಗುಗುಂಡಿ ಪಾಯಕ್ಕೆ ಒಂದೆರಡು ಅಡಿ ದೂರದಲ್ಲೇ ಇದೆ. ಅದು ಎರಡು ಬಗೆಯ ತೊಂದರೆ ತರುತ್ತದೆ. ಒಂದು, ಪ್ರತಿ ಮಳೆಗೂ ಸೂರಿನ ನೀರನ್ನೆಲ್ಲ ಪಾಯದ ಬುಡಕ್ಕೆ ತಂದು ಇಂಗಿಸುತ್ತದೆ, ಅಂದರೆ ತೇವವನ್ನು ನಾವೇ ಒದಗಿಸಿದ ಹಾಗೆ. ಇನ್ನೊಂದು ಇದಕ್ಕಿಂತ ಗಂಭೀರ: ಪಾಯಕ್ಕೆ ಬಿಟ್ಟ ಕೀಟನಾಶಕ ಆ ಗುಂಡಿಯ ಮೂಲಕ ಅಂತರ್ಜಲಕ್ಕೆ, ಪಕ್ಕದ ಮನೆಯ ಬೋರ್‌ವೆಲ್ಲಿಗೆ ಇಳಿಯಬಹುದು. ಇಮಿಡಾಕ್ಲೋಪ್ರಿಡ್ ಜೇನಿಗೆ, ನೀರಿನ ಕೀಟಗಳಿಗೆ ವಿಷ, ಬೈಫೆಂಥ್ರಿನ್ ಮೀನಿಗೆ. ಸಂಪಿನ ಗೋಡೆ, ತೆರೆದ ಬಾವಿ, ಇಂಗುಗುಂಡಿ ಇರುವ ಬದಿಯಲ್ಲಿ ದ್ರಾವಣ ಬಿಡುವುದನ್ನು ನಿಲ್ಲಿಸಿ, ಅಲ್ಲಿ ಗೋಡೆಯ ಒಳಬದಿಯ ಕೆಲಸ, ದುರಸ್ತಿ, ಅಥವಾ ಮುಂದೆ ಹೇಳುವ ಆಮಿಷದ ವಿಧಾನವನ್ನು ಬಳಸಬೇಕು. ಮನೆಯ ನಕ್ಷೆಯಲ್ಲಿ ಸಂಪು ಎಲ್ಲಿದೆ ಎಂದು ಮೊದಲು ಕೇಳದೆಯೇ ಡ್ರಿಲ್ಲಿಂಗ್ ಮೆಷಿನ್ ಹೊರತೆಗೆಯುವವರನ್ನು ವಾಪಸು ಕಳಿಸುವುದೇ ಸರಿ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ: ಔಷಧಿಯನ್ನು ಸರಿಯಾಗಿ ಹಾಕಿದರೆ ಸಾಕಲ್ಲ, ಕೊಳಾಯಿ, ಪಾತಿ, ಗುಂಡಿಯ ತಲೆನೋವು ಏಕೆ? ಸರಿಯಾಗಿ ಹಾಕಿದ ಔಷಧಿ ಕೆಲವು ವರ್ಷ ನಿಶ್ಚಯವಾಗಿ ತಡೆಯುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಆ ಔಷಧಿ ಇರುವುದು ಒಂದು ತೆಳ್ಳನೆಯ ಮಣ್ಣಿನ ಪದರದಲ್ಲಿ. ಜಿನುಗುವ ನೀರು ಅದನ್ನು ತೊಳೆಯುತ್ತದೆ. ಕಾವೇರಿ ಕನೆಕ್ಷನ್ನಿಗೋ ಒಳಚರಂಡಿಗೋ ಗುದ್ದಲಿ ಹಾಕಿದರೆ ಪದರ ಕಡಿಯುತ್ತದೆ. ಅದರ ಮೇಲೆ ಹೊಸ ಮಣ್ಣು ಸುರಿದು ಗಿಡ ನೆಟ್ಟರೆ ಗೆದ್ದಲಿಗೆ ಪದರದ ಮೇಲಿಂದಲೇ ಸೇತುವೆ ಸಿಗುತ್ತದೆ. ವಾರಂಟಿ ಚೀಟಿಯನ್ನು ಓದಿದರೂ ಇದು ತಿಳಿಯುತ್ತದೆ. ಸಾಮಾನ್ಯವಾಗಿ ಅದರಲ್ಲಿ ಇರುವ ಭರವಸೆ ಮತ್ತೆ ಗೆದ್ದಲು ಬಂದರೆ ಮತ್ತೆ ಔಷಧಿ ಹಾಕುತ್ತೇವೆ ಎಂದಷ್ಟೇ; ಹಾಳಾದ ಮರದ ಬೆಲೆ ಅದರಲ್ಲಿಲ್ಲ, ನೀರು ಸೋರಿಕೆ ಇದ್ದರೆ ಅಥವಾ ನೆಲ ಅಗೆದರೆ ಚೀಟಿಯೇ ರದ್ದು ಎಂಬ ಸಾಲೂ ಬಹಳ ಕಡೆ ಇರುತ್ತದೆ. ಅಂದರೆ ತೇವ ಇದ್ದಲ್ಲಿ ತಮ್ಮ ಔಷಧಿ ನಿಲ್ಲದು ಎಂದು ಮಾರುವವರೇ ಬರೆದುಕೊಡುತ್ತಾರೆ.

ಇನ್ನೊಂದು ಆಕ್ಷೇಪ ಅಪಾರ್ಟ್‌ಮೆಂಟಿನವರದು, ಮತ್ತು ಅದು ಬಲವಾದದ್ದು. ಎಲ್ಲವೂ ಮಣ್ಣಿನಿಂದಲೇ ಬರುವುದಾದರೆ ಬನ್ನೇರುಘಟ್ಟ ರಸ್ತೆಯ ಆರನೇ ಮಹಡಿಗೆ ಗೆದ್ದಲು ಹೇಗೆ ಬರುತ್ತದೆ? ಒಂದು ಮಿಲಿಮೀಟರಿಗಿಂತ ಕಿರಿದಾದ ಬಿರುಕಿನಲ್ಲೂ ಅದು ನುಸುಳಬಲ್ಲದು. ಕೆಳಗಿನಿಂದ ಮೇಲಿನವರೆಗೆ ಕೊಳಾಯಿಗಳು ಹೋಗುವ ಡಕ್ಟು, ಎರಡು ಕಟ್ಟಡ ಸೇರುವ ಸಂದು, ಟೊಳ್ಳು ಕಾಂಕ್ರೀಟ್ ಬ್ಲಾಕಿನ ಒಳಭಾಗ ಅದಕ್ಕೆ ಹೆದ್ದಾರಿ. ಕೊಪ್ಟೊಟರ್ಮಿಸ್ ಕುಲದ ಗೆದ್ದಲಾದರೆ, ಎತ್ತರದಲ್ಲಿ ನೀರು ಸದಾ ಸೋರುವ ಜಾಗ ಸಿಕ್ಕರೆ ನೆಲದ ಹಂಗೇ ಇಲ್ಲದೆ ಅಲ್ಲೇ ಗೂಡು ಹೂಡಬಲ್ಲದು. ಈ ಅಪವಾದ ನನ್ನ ವಾದವನ್ನು ಸಡಿಲಿಸುವುದಿಲ್ಲ, ಬಿಗಿ ಮಾಡುತ್ತದೆ: ಮಣ್ಣಿನ ಸಂಪರ್ಕ ಕಡಿದರೂ ಅದು ಬದುಕೀತು, ನೀರಿನ ಸೋರಿಕೆ ನಿಂತರೆ ಬದುಕದು. ಆದ್ದರಿಂದ ಮೇಲಿನ ಮಹಡಿಯಲ್ಲಿ ಗೆದ್ದಲು ಕಂಡರೆ ಪೆಸ್ಟ್ ಕಂಟ್ರೋಲಿಗಿಂತ ಮೊದಲು ಕರೆಯಬೇಕಾದವನು ಪ್ಲಂಬರು.

ಮನೆಮದ್ದುಗಳನ್ನು ಬೇಗ ಮುಗಿಸಬಹುದು. ಬೇವಿನೆಣ್ಣೆ, ಉಪ್ಪುನೀರು, ಸೀಮೆಎಣ್ಣೆ, ಬಿಸಿಲಿಗೆ ಒಡ್ಡುವುದು, ಇವೆಲ್ಲ ಎದುರಿಗೆ ಸಿಕ್ಕ ಗೆದ್ದಲನ್ನು ಕೊಲ್ಲುತ್ತವೆ ಅಥವಾ ಸ್ವಲ್ಪ ದಿನ ದೂರವಿಡುತ್ತವೆ. ಗೂಡು ಹತ್ತಾರು ಮೀಟರ್ ಆಚೆ, ಪಕ್ಕದ ಸೈಟಿನ ಅಡಿಯಲ್ಲೇ ಇರಬಹುದು. ಅದಕ್ಕೆ ಇದರ ಸುದ್ದಿಯೂ ಮುಟ್ಟುವುದಿಲ್ಲ. ರಾಣಿಯನ್ನು ಕೊಂದರೆ ಮುಗಿಯಿತು ಎಂಬ ಮಾತೂ ಹೊಲದ ಹುತ್ತಕ್ಕೆ ಸರಿ, ಕಾಂಕ್ರೀಟಿನ ಕೆಳಗೆ ಆ ರಾಣಿಯನ್ನು ಹುಡುಕುವವರು ಯಾರು? ಮದ್ದುಗಳಲ್ಲಿ ನಿಜಕ್ಕೂ ಮರ್ಯಾದೆಗೆ ಅರ್ಹವಾದದ್ದು ಬೋರಿಕ್ ಆಮ್ಲ-ಬೋರಾಕ್ಸ್ ದ್ರಾವಣ. ಹಸಿ ಮರದೊಳಕ್ಕೆ ಇದು ಇಳಿಯುತ್ತದೆ, ಗೆದ್ದಲಿಗೂ ಕುಟ್ಟೆಹುಳುವಿಗೂ ಆಗದು, ಮನುಷ್ಯರಿಗೆ ಹೋಲಿಕೆಯಲ್ಲಿ ಕಡಿಮೆ ಅಪಾಯ. ಆದರೆ ನೀರು ತಗುಲಿದರೆ ತೊಳೆದುಹೋಗುತ್ತದೆ, ಹಾಗಾಗಿ ಮಳೆಗೆ ಸಿಗದ ಒಳಮರಕ್ಕೆ ಮಾತ್ರ. ಮರ ಸಂರಕ್ಷಣೆಯಲ್ಲಿ ನಮ್ಮ ದೇಶದ ಹೆಸರು ಸಣ್ಣದಲ್ಲ: ಜಗತ್ತಿನಾದ್ಯಂತ ಕಂಬ, ಬೇಲಿಗಳಿಗೆ ದಶಕಗಟ್ಟಲೆ ಬಳಸಿದ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ಮಿಶ್ರಣವನ್ನು 1933ರಲ್ಲಿ ರೂಪಿಸಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶನ್. ಆರ್ಸೆನಿಕ್ ಇರುವುದರಿಂದ ಅದೀಗ ವಾಸದ ಮನೆಗೆ ಸಲ್ಲದು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಇಂದಿಗೂ ಈ ವಿಷಯದ ತಜ್ಞರಿದ್ದಾರೆ. ಹತ್ತು ಕಿಲೋಮೀಟರ್ ದೂರದ ಆ ಜ್ಞಾನಕ್ಕಿಂತ ನಮಗೆ ಬಡಗಿಯ ಸಲಹೆಯೇ ಹತ್ತಿರವಾಗಿದೆ.

ಮನೆಯ ಮುಂದಿನ ಮರ ಕಡಿಸಿದರೆ ಗೆದ್ದಲು ಹೋಗುತ್ತದೆ ಎಂಬ ಸಲಹೆಯನ್ನು ಮಾತ್ರ ಖಂಡಿತವಾಗಿ ತಿರಸ್ಕರಿಸಬೇಕು. ಹೊಂಗೆ, ಮಳೆಮರ, ಗುಲ್‌ಮೊಹರ್ ತೊಗಟೆಯ ಮೇಲೆ ಕಾಣುವ ಮಣ್ಣಿನ ಲೇಪದಡಿಯಲ್ಲಿ ಗೆದ್ದಲು ಹೆಚ್ಚಾಗಿ ತಿನ್ನುವುದು ಸತ್ತ ತೊಗಟೆಯನ್ನು. ಜೀವಂತ ಮರ ಮನೆಗೆ ಗೆದ್ದಲು ಕಳಿಸುವ ಕಾರ್ಖಾನೆಯಲ್ಲ. ಕಡಿದ ಮೇಲೆಯೇ ತೊಂದರೆ: ನೆಲದೊಳಗೆ ಉಳಿದ ಬುಡ, ಬೇರುಗಳು ಸತ್ತು, ಪಾಯದವರೆಗೂ ಹರಡಿದ ವರ್ಷಗಟ್ಟಲೆಯ ಆಹಾರವಾಗುತ್ತವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಕಡಿಯುವುದು ಅಪರಾಧವೂ ಹೌದು. ಮರದ ಬದಲು, ಗೋಡೆಗೆ ಒರಗಿಸಿಟ್ಟ ಹಳೆಯ ಬಾಗಿಲು, ರಟ್ಟಿನ ಪೆಟ್ಟಿಗೆ, ತರಗೆಲೆಯ ರಾಶಿಯನ್ನು ತೆಗೆಯಿರಿ.

ಹೊರದೇಶಗಳಲ್ಲಿ ನೆಲೆಯೂರಿದ ಎರಡು ವಿಧಾನಗಳು ಇಲ್ಲಿ ಇನ್ನೂ ಅಷ್ಟಾಗಿ ಬಂದಿಲ್ಲ. ಒಂದು ಆಮಿಷದ ಪೆಟ್ಟಿಗೆ. ಗೆದ್ದಲಿನ ಪೊರೆ ಕಳಚುವಿಕೆಯನ್ನು ಕೆಡಿಸುವ ಹೆಕ್ಸಾಫ್ಲುಮುರಾನ್, ಕ್ಲೋರ್‌ಫ್ಲುವಾಜುರಾನ್‌ನಂಥ ಪದಾರ್ಥವನ್ನು ಮರದ ತಿರುಳಿನಲ್ಲಿ ಬೆರೆಸಿ ಇಡುತ್ತಾರೆ; ಕೆಲಸಗಾರ ಗೆದ್ದಲುಗಳು ಅದನ್ನು ಗೂಡಿಗೊಯ್ದು ಉಣಿಸುತ್ತವೆ, ತಿಂಗಳುಗಳಲ್ಲಿ ಗೂಡೇ ಕ್ಷೀಣಿಸುತ್ತದೆ. ಬೆಲೆ ಹೆಚ್ಚು, ತಾಳ್ಮೆ ಬೇಕು, ಮತ್ತು ಶಿಲೀಂಧ್ರ ಬೆಳೆಸುವ ನಮ್ಮ ಒಡೊಂಟೊಟರ್ಮಿಸ್ ಗೆದ್ದಲಿನ ಮೇಲೆ ಅದರ ಫಲ ಕೊಪ್ಟೊಟರ್ಮಿಸ್ ಮೇಲಿನಷ್ಟು ಖಚಿತವಲ್ಲ. ಮಾರುವವರು ಇದನ್ನು ಹೇಳಬೇಕು. ಇನ್ನೊಂದು ರಾಸಾಯನಿಕವೇ ಇಲ್ಲದ ತಡೆ. ಆಸ್ಟ್ರೇಲಿಯಾದಲ್ಲಿ ಪಾಯದ ಸುತ್ತ ಸ್ಟೇನ್‌ಲೆಸ್ ಸ್ಟೀಲಿನ ಸೂಕ್ಷ್ಮ ಜಾಲರಿ, ಅಥವಾ ಗೆದ್ದಲು ಎತ್ತಲಾರದಷ್ಟು ದೊಡ್ಡ, ನಡುವೆ ನುಸುಳಲಾರದಷ್ಟು ಒತ್ತೊತ್ತಾದ ಗ್ರಾನೈಟ್ ಜಲ್ಲಿಯ ಪಟ್ಟಿ ಹಾಕುತ್ತಾರೆ. ಗ್ರಾನೈಟ್ ಕ್ರಷರುಗಳ ನಡುವೆ ಬದುಕುವ ಬೆಂಗಳೂರಿಗೆ ಇದು ಹೊಳೆಯದಿರುವುದು ಆಶ್ಚರ್ಯವೇ. ಜಯನಗರದ ಹಳೆ ಬಂಗಲೆಗಳು ಉರುಳಿ ಸ್ಟಿಲ್ಟ್ ಮೇಲಿನ ಫ್ಲಾಟುಗಳು ಏಳುತ್ತಿರುವ ಈ ಹೊತ್ತೇ ಅದಕ್ಕೆ ಸಮಯ, ಏಕೆಂದರೆ ಪಾಯ ತೆರೆದಿರುವುದು ಒಂದೇ ಸಲ. ಔಷಧಿಯ ಮಾತಿನಲ್ಲೂ ಅಷ್ಟೆ: ತುಂಬಿದ ಮಣ್ಣಿನ ಮೇಲೆ ಚದರ ಮೀಟರಿಗೆ ಐದು ಲೀಟರಿನಂತೆ ಬಿಡುವ ಕೆಲಸ ಕಾಂಕ್ರೀಟ್ ಹಾಕುವ ಮುನ್ನ ಸುಲಭ, ಆಮೇಲೆ ಅದರ ಪೂರ್ತಿ ಫಲ ಎಷ್ಟು ತೂತು ಕೊರೆದರೂ ಬರುವುದಿಲ್ಲ.

ಕೊನೆಯದಾಗಿ ಯಾರು ಮಾಡಬೇಕು, ಯಾರು ಹಣ ಕೊಡಬೇಕು ಎಂಬ ಮಾತು. 1968ರ ಕೀಟನಾಶಕ ಕಾಯ್ದೆ ಮತ್ತು ಅದರ ನಿಯಮಗಳಂತೆ ಹಣ ಪಡೆದು ಔಷಧಿ ಹಾಕುವವರಿಗೆ ಪರವಾನಗಿ ಬೇಕು; ಅದಕ್ಕೆ ಕೃಷಿ ಅಥವಾ ವಿಜ್ಞಾನ ಪದವಿಯ ಜೊತೆಗೆ ಮಾನ್ಯ ಸಂಸ್ಥೆಯ ತರಬೇತಿ ಬೇಕು, ಆ ಸಂಸ್ಥೆಗಳಲ್ಲಿ ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ. ಒಂದು. ಪರವಾನಗಿಯ ಪ್ರತಿ ಕೇಳುವುದು ಗ್ರಾಹಕರ ಹಕ್ಕು, ಆದರೆ ಕೇಳುವವರು ವಿರಳ. ಅಪಾರ್ಟ್‌ಮೆಂಟಿನಲ್ಲಿ ಪಾಯ, ಕಂಬ, ಮುಖ್ಯಗೋಡೆಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಎಲ್ಲರ ಸ್ವತ್ತು. ಆದ್ದರಿಂದ ಡಕ್ಟಿನ ಮೂಲಕ ಏರಿಬಂದ ಗೆದ್ದಲು ಮೂರನೇ ಮಹಡಿಯ ಒಬ್ಬರ ತಲೆನೋವಲ್ಲ, ಸಂಘದ ಖರ್ಚು. ಒಂದೊಂದು ಫ್ಲಾಟಿನವರು ತಮ್ಮ ತಮ್ಮ ಮನೆಗೆ ಮಾತ್ರ ಹಾಕಿಸಿಕೊಂಡರೆ ಗೆದ್ದಲು ಪಕ್ಕದವರ ಮನೆಗೆ ಸರಿಯುತ್ತದೆ, ಅಷ್ಟೆ. ಹೊಸ ಫ್ಲಾಟು ಕೊಂಡವರು ಇನ್ನೊಂದು ಗಮನಿಸಬೇಕು. ಕಟ್ಟಡದ ರಚನೆಯಲ್ಲಿ ಅಥವಾ ಕಾಮಗಾರಿಯ ಗುಣಮಟ್ಟದಲ್ಲಿ ದೋಷ ಕಂಡು, ಮನೆ ಕೈಗೆ ಬಂದ ಐದು ವರ್ಷದೊಳಗೆ ತಿಳಿಸಿದರೆ, 2016ರ ರೇರಾ ಕಾಯ್ದೆಯ 14ನೇ ಕಲಮಿನಂತೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಸೋರುವ ಡಕ್ಟು, ಪಾಯಕ್ಕೆ ಔಷಧಿ ಹಾಕಿದ್ದೇವೆಂದು ಕರಾರಿನಲ್ಲಿ ಬರೆದು ಹಾಕದಿರುವುದು, ಎರಡನ್ನೂ ಈ ಕಲಮಿನಡಿ ಎತ್ತಬಹುದು. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡ ದಿನವೇ ಅದನ್ನು ಕೆರೆಯುವ ಮೊದಲು ಫೋಟೋ ತೆಗೆದು, ದಿನಾಂಕ ಹಾಕಿ, ಬಿಲ್ಡರಿಗೂ ಸಂಘಕ್ಕೂ ಬರಹದಲ್ಲಿ ಕಳಿಸಿ.